ಹತ್ತಿ ಕಟ್ಟಿಗೆಯೊಳಗೆ ಮಲಗಿದ ಹುಳು

ನನ್ನ ಮೈದುನನ ಹೆಂಡತಿಗೆ ಹುಳುವಿನ ನಿದ್ದೆಯ ಗುಟ್ಟು ಹೇಳಿಕೊಟ್ಟವಳು ನಾನೇ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆ ಪಕ್ಕದಲ್ಲೇ ನಮ್ಮಿಬ್ಬರ ಹೊಲ, ನಡುವೆ ಒಂದೇ ಬದು. ಹೋದ ವರ್ಷ ಇಬ್ಬರ ಹತ್ತಿಕಾಯಿಯನ್ನೂ ಗುಲಾಬಿ ಬಣ್ಣದ ಹುಳು ಕೊರೆದು ಹಾಳು ಮಾಡಿತು. ಚಳಿಗಾಲದಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಗಿಡದಲ್ಲೇ ಉಳಿದ ಒಣ ಕಾಯಿಯೊಂದನ್ನು ಒಡೆದೆ. ಎರಡು ಬೀಜ ಅಂಟಿಸಿಕೊಂಡು ಅದರೊಳಗೆ ಹುಳು ಮುದುಡಿ ಮಲಗಿತ್ತು. ಕಡ್ಡಿಯಿಂದ ಚುಚ್ಚಿದರೆ ಸ್ವಲ್ಪ ಮಿಸುಕಿತು, ಅಷ್ಟೇ.

ಕೆದಕಿ ನೋಡುವ ಚಟ ನನಗೆ ಮೊದಲಿಂದಲೂ ಇದೆ. ಅಂಥ ಕಾಯಿಗಳನ್ನು ಎರಡು ಬಾಟಲಿಗೆ ತುಂಬಿ ಬಾಯಿಗೆ ಅರಿವೆ ಕಟ್ಟಿದೆ. ಒಂದನ್ನು ನೀರಿನ ಹರವಿಯ ಪಕ್ಕ ತಂಪಿನಲ್ಲಿಟ್ಟೆ, ಇನ್ನೊಂದನ್ನು ಒಲೆಯ ಹಿಂದಿನ ಗೂಡಿನಲ್ಲಿ. ಶಿವರಾತ್ರಿ ಹೊತ್ತಿಗೆ ಒಲೆ ಹಿಂದಿನ ಬಾಟಲಿಯಲ್ಲಿ ಕಂದು ಬಣ್ಣದ ಪತಂಗಗಳು ಹಾರಾಡುತ್ತಿದ್ದವು. ಹರವಿ ಪಕ್ಕದವಕ್ಕೆ ಇನ್ನೂ ಗಾಢ ನಿದ್ದೆ. ಚಳಿಯ ರಾತ್ರಿಗಳು ಇವನ್ನು ಮಲಗಿಸುತ್ತವೆ, ಸೆಕೆ ಎಬ್ಬಿಸುತ್ತದೆ ಎಂದು ಮೈದುನನ ಹೆಂಡತಿಯನ್ನು ಕರೆದು ತೋರಿಸಿದೆ.

“ಅಂದ್ರ ಕಟ್ಟಿಗಿ ಒಟ್ಟಿಟ್ರ ಹುಳಾನೂ ಒಟ್ಟಿಟ್ಟಂಗ?” ಅಂದಳು.

“ಹ್ಞೂಂ ಮತ್ತ. ಬಿಸಿಲು ಏರಿ ನಾಕು ಹನಿ ಮಳಿ ಬಿದ್ರ ಎದ್ದು ಸೀದಾ ಹೊಲಕ್ಕ ಬರ್ತಾವ. ಇಬ್ರೂ ಈಗ್ಲೇ ಹೊಲದಾಗ ಸುಟ್ಟುಬಿಡೂಣು.”

“ಆತಕ್ಕಾ, ಸುಡ್ತೀನಿ.”

ವರ್ಷವಿಡೀ ಒಲೆಗೆ ಬರುವ ಹತ್ತಿ ಕಟ್ಟಿಗೆಯನ್ನು ಹೊಲದಲ್ಲೇ ಸುಡುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಹೊಟ್ಟೆಸಂಕಟ. ಅದರ ಉರಿಗೆ ರೊಟ್ಟಿ ಚೆಂದ ಉಬ್ಬುತ್ತದೆ. ಅವಳಂತೂ ಸಿಂಧನೂರಿನ ಖಾನಾವಳಿಗೆ ದಿನಾ ರೊಟ್ಟಿ ಬಡಿದು ಕಳಿಸುವವಳು. ಆದರೂ ಮಾತು ಕೊಟ್ಟಳಲ್ಲ ಎಂದು ನಾನು ಹಿಗ್ಗಿದೆ. ನನ್ನ ಕಟ್ಟಿಗೆಯನ್ನು ಒಂದು ಕಡ್ಡಿಯೂ ಬಿಡದೆ ಸುಟ್ಟೆ, ಬೇಸಿಗೆಯೆಲ್ಲ ಜಾಲಿ ಮುಳ್ಳು ಒಟ್ಟಿ ಅಡುಗೆ ಮಾಡಿದೆ.

ಮುಂಗಾರಿಗೆ ಧೈರ್ಯವಾಗಿ ಮತ್ತೆ ಹತ್ತಿ ಹಾಕಿದೆ. ಅವಳು ಈ ಸಲ ತೊಗರಿ ಬಿತ್ತಿದಳು. ಯಾಕೆಂದು ಕೇಳಿದರೆ, “ಭೂಮಿಗೆ ಬದಲಾವಣಿ ಇರ್ಲಿ ಅಂತಕ್ಕಾ” ಅಂದಳು. ಚಲೋದೇ ಅಂದುಕೊಂಡೆ.

ಹತ್ತಿ ಹೂ ಬಿಟ್ಟಿತು. ನೋಡಿದರೆ ಸಾಲಿಗೆ ಸಾಲೇ ಹೂಗಳು ಅರಳದೆ ದಳ ಸುತ್ತಿಕೊಂಡಿವೆ, ಬಿಡಿಸಿದರೆ ಒಳಗೆ ಹುಳು. ಇಷ್ಟು ಬೇಗ ಎಲ್ಲಿಂದ ಬಂದವು? ಬದು ದಾಟಿ ಅವಳ ದನದ ಕೊಟ್ಟಿಗೆಯ ಹಿಂದೆ ಹೋದೆ. ಅಲ್ಲಿದ್ದ ತಾಡಪತ್ರಿ ಎತ್ತಿದರೆ ಕೆಳಗೆ ಹೋದ ವರ್ಷದ ಹತ್ತಿ ಕಟ್ಟಿಗೆ, ಒಣ ಕಾಯಿಗಳ ಸಮೇತ. ಉರಿಸಿ ಅರ್ಧ ಉಳಿದಿತ್ತು.

ಅವಳು ಮೇವು ಹಿಡಿದು ಬಂದವಳು ನನ್ನನ್ನು ನೋಡಿ ನಿಂತಳು. “ರೊಟ್ಟಿಗಿ ಬೇಕಾಗಿತ್ತಕ್ಕಾ” ಅಂದಳು.

“ನಾ ಹೇಳಿದ್ದು ಸುಳ್ಳಂತ ತಿಳಕೊಂಡ್ಯಾ?”

ಹೌದು ಅಂದಿದ್ದರೆ ಬಾಯಿಗೆ ಬಂದಂತೆ ಬೈದು ಸುಮ್ಮನಾಗುತ್ತಿದ್ದೆ.

“ಸುಳ್ಳಂತ ತಿಳಕೊಂಡಿದ್ರ,” ಅಂದಳು ಮೆಲ್ಲಗೆ, “ನಾನೂ ಹತ್ತೀನ ಹಾಕ್ತಿದ್ನಿ.”