ಇಪ್ಪತ್ತೊಂಬತ್ತು ಇಂಚಿಗೆ ಹೆಸರಿಟ್ಟವರು

ಸಿಂದಗಿಯ ರಾಚಪ್ಪನವರು ಎತ್ತು ಆರಿಸುವುದರಲ್ಲಿ ಚಕ್ರವರ್ತಿಗಳು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ದನದ ಸಂತೆಗೆ ಅವರು ಕಾಲಿಟ್ಟರೂ ಮಾರುವವರು ಎತ್ತಿನ ಮೈ ಸವರುವುದನ್ನು ಬಿಟ್ಟು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಅವರ ಯುದ್ಧತಂತ್ರ ಒಂದೇ: ಬೇಕಾದ ಎತ್ತಿಗೆ ಹೆಸರಿಡುವುದು. ನಮ್ಮ ಕಡೆ ಹೆಸರಿಡುವುದೆಂದರೆ ನಾಮಕರಣವಲ್ಲ, ಹುಳುಕು ತೆಗೆಯುವುದು. ಮನಸ್ಸಿಗೆ ಬಂದ ಎತ್ತಿನ ಗೊರಸು ಸರಿಯಿಲ್ಲ, ಸುಳಿ ಕೆಟ್ಟದ್ದು, ಎರಡನೆಯ ಸಾಲಿಗೆ ಮಲಗುತ್ತದೆ ಎಂದು ಹಳಿಯುತ್ತ, ಪಕ್ಕದ ಬಡಕಲು ಹೋರಿಯನ್ನು ಬಾಯಿತುಂಬ ಹೊಗಳಬೇಕು. ಮಾರುವವನ ಮುಖ ಬಾಡಿದಾಗ ಹೆಗಲ ಮೇಲಿನ ವಲ್ಲಿಬಟ್ಟೆಯ ಮರೆಯಲ್ಲಿ ಅವನ ಬೆರಳು ಹಿಡಿದು ದರ ಮುರಿಯಬೇಕು. ಈ ತಂತ್ರ ಎಷ್ಟು ಹೆಸರುವಾಸಿಯೆಂದರೆ, ‘ರಾಚಪ್ಪ ಬೈದ ಎತ್ತು ಕಣ್ಣು ಮುಚ್ಚಿ ಹೊಡಕೊಂಡು ಬಾ’ ಎಂಬ ಮಾತೇ ಹುಟ್ಟಿಬಿಟ್ಟಿತ್ತು.

ಇಂಥ ವೀರನ ಪಡಸಾಲೆ 2003ರ ಹೊತ್ತಿಗೆ ಬಣಗುಡುತ್ತಿತ್ತು. ಓಣಿಗೆ ಮೊದಲ ಟಿವಿ ತಂದವರು ಅವರೇ. ಕಪ್ಪು ಬಿಳುಪಿನ ಆ ಪೆಟ್ಟಿಗೆಯ ಮುಂದೆ ಒಂದು ಕಾಲಕ್ಕೆ ಓಣಿಗೆ ಓಣಿಯೇ ಕುಕ್ಕರುಗಾಲಿನಲ್ಲಿ ಕೂತಿತ್ತು. ಆಮೇಲೆ ಎದುರುಮನೆಯ ಸಿದ್ದಾರೂಢ, ಹಿಟ್ಟಿನ ಗಿರಣಿಯವನು, ಬಣ್ಣದ ಟಿವಿ ತಂದ. ಗಂಡಸರೆಲ್ಲ ಎದ್ದು ಮೈಮೇಲಿನ ಧೂಳು ಕೊಡವಿಕೊಂಡು ಅತ್ತ ನಡೆದರು. ಹೋಗುವಾಗ ಒಬ್ಬರೂ ಹೇಳಿಹೋಗಲಿಲ್ಲ. ಈಗ ವಿಶ್ವಕಪ್ ಹತ್ತಿರ ಬಂದಿತ್ತು. ಅಷ್ಟರೊಳಗೆ ಊರಲ್ಲೇ ದೊಡ್ಡದಾದ, ಇಪ್ಪತ್ತೊಂಬತ್ತು ಇಂಚಿನ ಟಿವಿ ತಂದು, ಹೋದ ಮಂದಿಯನ್ನೆಲ್ಲ ಮರಳಿ ತಮ್ಮ ಜಮಖಾನದ ಮೇಲೆ ಕೂರಿಸಬೇಕೆಂದು ರಾಚಪ್ಪನವರು ಶಪಥ ಮಾಡಿದರು.

‘ಮಂದಿ ಬರಲಿ ಅಂತ ಟಿವಿ ತರಾವ್ರು ನೀವೊಬ್ಬರ ನೋಡ್ರಿ,’ ಎಂದರು ಹೆಂಡತಿ ಇಂದುಬಾಯಿ. ‘ಬಂದವ್ರಿಗೆ ಚಾ ಕಾಸಾಕ ಯಾರನ್ನ ತರ್ತೀರಿ?’

ಈ ಅಪಶಕುನಕ್ಕೆ ಕಿವಿಗೊಡದೆ ಅವರು ಮಗಳು ಶೈಲಶ್ರೀಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡ್ ಎದುರಿನ ಅಮೀನುದ್ದೀನನ ಅಂಗಡಿಗೆ ದಂಡೆತ್ತಿ ಹೋದರು. ಇಪ್ಪತ್ತೊಂಬತ್ತು ಇಂಚಿನದು ಅಲ್ಲಿ ಒಂದೇ ಒಂದಿತ್ತು. ಅದನ್ನು ಕಂಡೊಡನೆ ರಾಚಪ್ಪನವರ ಜೀವ ಝಲ್ಲೆಂದಿತು. ಆದ್ದರಿಂದ ಕೂಡಲೇ ಮುಖ ಸಿಂಡರಿಸಿದರು.

‘ಏನ್ರಿ ಸಾಹೇಬ್ರ, ಇದನ್ಯಾಕ ಇಲ್ಲಿ ಕಟ್ಟೀರಿ? ಹಿಂದ ನೋಡ್ರಿ, ಗಬ್ಬಾದ ಎಮ್ಮಿಗತೆ ಹೊಟ್ಟಿ ಬಂದೈತಿ. ಮಾರಿ ಅಗಲ, ಕಸುವು ಕಡಿಮಿ. ಆ ಸಣ್ಣದು ನೋಡ್ರಿ, ಹ್ಯಾಂಗ ಮೈ ಕಟ್ಟೈತಿ.’

‘ಅಪ್ಪಾ, ನಮಗ ಬೇಕಾದ್ದು ಆ ದೊಡ್ಡದ ಅಲ್ಲೇನು?’ ಎಂದಳು ಶೈಲಶ್ರೀ.

‘ನೀ ಸುಮ್ನಿರು. ಇದು ಸಾಲಿ ಅಲ್ಲ.’

ಅಮೀನುದ್ದೀನ ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವನು, ದನದ ಸಂತೆಯ ದಿಕ್ಕಿಗೆ ತಲೆಹಾಕಿದವನಲ್ಲ. ಅಂದದ್ದನ್ನು ಅಂದ ಹಾಗೆಯೇ ನಂಬಿದ. ‘ಖರೇ ಐತ್ರಿ ಕಾಕಾ. ದೊಡ್ಡದು ಎಲ್ಲಾರ ಮನಿಗೂ ಹೊಂದಂಗಿಲ್ಲ. ಸಣ್ಣದ ಕಟ್ಟಿಸಲೇನ್ರಿ?’

ರಾಚಪ್ಪನವರು ತಬ್ಬಿಬ್ಬಾದರು. ಎತ್ತಿನವನಾಗಿದ್ದರೆ ಇಷ್ಟೊತ್ತಿಗೆ ತಾಯಾಣೆ ಮಾಡಿ ದೊಡ್ಡದರ ಗುಣಗಾನಕ್ಕೆ ಇಳಿದಿರುತ್ತಿದ್ದ. ಕೊನೆಯ ಅಸ್ತ್ರವೆಂದು ಬಲಗೈ ಮೇಲೆ ವಲ್ಲಿ ಹೊದಿಸಿ ಮುಂದೆ ಚಾಚಿದರು. ಅಮೀನುದ್ದೀನ ಕಳವಳದಿಂದ ನೋಡಿದ.

‘ಕೈಗೇನಾತ್ರಿ ಕಾಕಾ?’

‘ಏನೂ ಆಗಿಲ್ಲೋ ಮಾರಾಯಾ. ಆ ದೊಡ್ಡದನ್ನ ನೀ ಪುಕ್ಕಟೆ ಕೊಟ್ರೂ ನಾ ಒಯ್ಯಂಗಿಲ್ಲ.’

ದನದ ಸಂತೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಅದನ್ನು ಬಲ್ಲವನೊಬ್ಬ, ರಿಮೋಟಿಗೆ ಸೆಲ್ ಹಾಕಿಸಲು ಬಂದವನು, ಬೆನ್ನ ಹಿಂದೆಯೇ ಉಸಿರು ಬಿಗಿಹಿಡಿದು ನಿಂತಿದ್ದ. ಅವನೇ ಸಿದ್ದಾರೂಢ.

‘ಅಮೀನಭಾಯ್,’ ಎಂದ ಅವನು, ‘ಆ ದೊಡ್ಡದನ್ನ ನನ್ನ ಟಂಟಂ ಗಾಡ್ಯಾಗ ಹಾಕಸ್ರಿ.’

‘ಸಿದ್ದಾ, ಬ್ಯಾಡೋ. ಅದರಾಗ ಏನೂ ಹುರುಳಿಲ್ಲ,’ ಎಂದರು ರಾಚಪ್ಪನವರು.

‘ಹೌದ್ರಿ ಅಣ್ಣಾರ.’

‘ನೋಡಿದ್ರ ಕಣ್ಣು ಹೋಗ್ತಾವು.’

‘ಹೌದ್ರಿ. ನೀವು ಇಷ್ಟು ಬೈದಮ್ಯಾಲ ನಾ ಮತ್ತೇನು ಕೇಳೂದೈತ್ರಿ?’

ಒಂದೊಂದು ಬೈಗುಳಕ್ಕೂ ಸಿದ್ದಾರೂಢನ ನಂಬಿಕೆ ಗಟ್ಟಿಯಾಯಿತು. ‘ಅದು ನನಗ ಬೇಕೋ’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ಚಕ್ರವರ್ತಿಗಳು ಹಾಗೆ ಬೇಡುವುದುಂಟೇ? ಟಂಟಂ ಧೂಳೆಬ್ಬಿಸಿ ಹೋಯಿತು.

ಮರುದಿನವೇ ರಾಚಪ್ಪನವರು ಬಾಗೇವಾಡಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮನಸ್ಸಿಗೆ ಬುದ್ಧಿ ಹೇಳಿಕೊಂಡರು: ಇದು ಎತ್ತಲ್ಲ, ನೆಟ್ಟಗೆ ಕೇಳಬೇಕು. ಅಲ್ಲಿಯ ಟಿವಿ ಅಂಗಡಿಯ ಅಬ್ದುಲರಜಾಕ ಮೊದಲು ದನದ ದಲಾಲಿ ಮಾಡಿಕೊಂಡಿದ್ದವನು, ಹಳೆಯ ಗುರುತು. ರಾಚಪ್ಪನವರು ಒಳಗೆ ಹೋದವರೇ ಇಪ್ಪತ್ತೊಂಬತ್ತು ಇಂಚಿನದರ ಮೇಲೆ ಕೈಯಿಟ್ಟರು. ‘ಇದು ಭಾಳ ಚಲೋ ಐತಿ. ಇದನ್ನ ಕೊಡ್ರಿ.’

ಅಬ್ದುಲರಜಾಕನ ಮುಖ ಕಪ್ಪಿಟ್ಟಿತು. ‘ನನ್ನ ಮ್ಯಾಗ ಏನರ ಸಿಟ್ಟೇನ್ರಿ ರಾಚಪ್ಪನವರ?’

‘ಸಿಟ್ಟ್ಯಾಕ? ಖರೇನ ಚಲೋ ಐತಿ.’

‘ಮೆತ್ತಗ ಅನ್ರಿ, ಗಿರಾಕಿ ಅದಾರ. ನೀವು ಚಲೋ ಅಂದ ಎತ್ತು ಒಂದಾದ್ರೂ ಮುಂದಿನ ಸಂಕ್ರಮಣ ಕಂಡೈತೇನ್ರಿ?’

ತಡವಾಗಿತ್ತು. ಅದೇ ಟಿವಿಯನ್ನು ನೋಡುತ್ತ ನಿಂತಿದ್ದ ನಿಡಗುಂದಿಯ ಗಂಡ ಹೆಂಡತಿ ಸದ್ದಿಲ್ಲದೆ ಮಿಕ್ಸರಿನ ಕಡೆ ಸರಿದರು. ಅಬ್ದುಲರಜಾಕ ಟಿವಿಯ ಮೇಲೆ ಚಾದರ ಎಳೆದ. ಕಂಪನಿಯ ಮೆಕ್ಯಾನಿಕ್ ಬಂದು ನೋಡುವವರೆಗೆ ಕೊಡುವುದಿಲ್ಲವೆಂದ. ‘ನಿಮ್ಮ ಕಣ್ಣಿಗೆ ಏನೋ ಕಂಡೈತಿ. ಬಾಯಿ ಬಿಟ್ಟು ಹೇಳವಲ್ರಿ.’ ರಾಚಪ್ಪನವರು ಆಣೆ ಮಾಡಿದರು. ಆಣೆ ಮಾಡಿದ್ದರಿಂದ ಅವನ ಸಂಶಯ ಇನ್ನಷ್ಟು ಹೆಚ್ಚಿತು.

ಬರಿಗೈಲಿ ಮರಳಿದ ವೀರನನ್ನು ಇಂದುಬಾಯಿ ಹೊಸ್ತಿಲಲ್ಲೇ ಎದುರುಗೊಂಡರು.

‘ಬೈದ್ರೂ ಸಿಗಲಿಲ್ಲ, ಹೊಗಳಿದ್ರೂ ಸಿಗಲಿಲ್ಲ. ಬಾಯಿ ಮನ್ಯಾಗ ಇಟ್ಟು ಹೋಗಿದ್ರ ಸಿಗತಿತ್ತೇನೋ.’

ಅಮೀನುದ್ದೀನನ ಅಂಗಡಿಗೆ ಹೊಸ ಮಾಲು ಬಂದ ದಿನ ಇಂದುಬಾಯಿ ಒಲೆಯ ಮೇಲೆ ಬೇಳೆ ಬೇಯಲಿಟ್ಟು, ಮಗಳನ್ನು ಕರೆದುಕೊಂಡು ಹೊರಟರು. ಅಂಗಡಿಯಲ್ಲಿ ‘ದೊಡ್ಡದು ಕೊಡ್ರಿ’ ಎಂದರು. ಅವನು ಕೊಟ್ಟ. ಬೇಳೆ ಕುದಿಯುವುದರೊಳಗೆ ಮನೆಗೆ ಬಂದರು. ಯುದ್ಧವೆಂಬುದು ಇಷ್ಟು ಸಪ್ಪಗೆ ಮುಗಿಯಬಲ್ಲದೆಂದು ಕಂಡು ರಾಚಪ್ಪನವರಿಗೆ ಊಟವೇ ಸೇರಲಿಲ್ಲ.

ಆದರೆ ಟಿವಿ ಹಚ್ಚಿದಾಗ ಅವರ ಮುನಿಸೆಲ್ಲ ಇಳಿಯಿತು. ಆಟಗಾರರ ಮೀಸೆಯ ಕೂದಲು ಎಣಿಸಬಹುದಿತ್ತು. ಮ್ಯಾಚಿನ ದಿನ ಜಮಖಾನ ಹಾಸಿ ಅವರು ಬಾಗಿಲಿಗೆ ಬಂದು ನಿಂತರು. ಹಳೆಯ ಬಳಗ ಸಿದ್ದಾರೂಢನ ಮನೆಗೆ ಹೊರಟಿತ್ತು.

‘ಬರ್ರೋ, ನಮ್ಮದೂ ಬಂದೈತಿ.’

‘ಹ್ಯಾಂಗೈತ್ರಿ?’ ಎಂದರು ಅವರು, ನಿಂತು.

ಎದೆ ತುಂಬಿದ್ದ ಸಂತೋಷದಲ್ಲಿ ಬಾಯಿ ಜಾರಿತು. ‘ಭಾಳ ಚಲೋ ಐತಿ.’

ಬಳಗ ಪರಸ್ಪರ ಮುಖ ನೋಡಿಕೊಂಡಿತು. ಅವರಲ್ಲಿ ಹಿರಿಯರೊಬ್ಬರು ಮೆಲ್ಲನೆ ರಾಚಪ್ಪನವರ ಹೆಗಲ ಮೇಲೆ ಕೈ ಹಾಕಿದರು. ‘ಇರ್ಲಿ ಬಿಡ್ರಿ. ಹೆಣ್ಮಕ್ಕಳು ತಂದದ್ದು. ಮನಸಿಗೆ ಹಚ್ಚಿಕೋಬ್ಯಾಡ್ರಿ.’

‘ಅಲ್ರೋ, ಖರೇನ ಚಲೋ ಐತಿ.’

‘ಗೊತ್ತೈತಿ, ನಡೀರಿ,’ ಎಂದು ಇಬ್ಬರು ರಟ್ಟೆ ಹಿಡಿದರು. ಸಾವಿನ ಮನೆಯಿಂದ ಕರೆತರುವ ಹಾಗೆ ಅವರನ್ನು ಸಿದ್ದಾರೂಢನ ಮನೆಗೆ ನಡೆಸಿಕೊಂಡು ಹೋದರು. ಸಿದ್ದಾರೂಢ ತಲೆದಿಂಬು ಕೊಟ್ಟು ಎಲ್ಲರಿಗಿಂತ ಮುಂದೆ ಕೂರಿಸಿದ.

ಸ್ವಲ್ಪ ಹೊತ್ತಿಗೆ ಓಣಿಯ ಆಚೆಯಿಂದ ಹೆಂಗಸರ ನಗು ಕೇಳಿಸಿತು. ಇಂದುಬಾಯಿ ಚಲೋ ಅಂದರೆ ಚಲೋ ಎಂದೇ ನಂಬುವ ಓಣಿಯ ಹೆಂಗಸರೆಲ್ಲ ರಾಚಪ್ಪನವರ ಪಡಸಾಲೆಯಲ್ಲಿ ನೆರೆದಿದ್ದರು. ‘ಬಾಳಮ್ಮ, ಜರಾ ಸರೀ ಅತ್ತಾಗ, ಶೇವಂತೆವ್ವಗ ಕಾಣವಲ್ದು,’ ಎಂಬ ಇಂದುಬಾಯಿಯ ದನಿ ನಿಚ್ಚಳವಾಗಿ ಬಂತು. ಪಡಸಾಲೆ ತುಂಬಿತ್ತು. ಹೆಂಗಸರು ತುಂಬಿದ ಆ ಪಡಸಾಲೆಗೆ ಯಜಮಾನರು ಕಾಲಿಡುವಂತಿರಲಿಲ್ಲ.

‘ಅಣ್ಣಾರ,’ ಎಂದ ಸಿದ್ದಾರೂಢ, ಎಲ್ಲರಿಗೂ ಕೇಳುವ ಹಾಗೆ, ‘ನೀವ ಆರಿಸಿದ್ದು. ಹ್ಯಾಂಗೈತಿ ಹೇಳ್ರಿ.’

ಆಗ ರಾಚಪ್ಪನವರಿಗೆ ತಮ್ಮ ಬಾಯಲ್ಲಿ ಇನ್ನೊಂದು ಬಾಣ ಉಳಿದಿರುವುದು ಹೊಳೆಯಿತು. ನಿಧಾನವಾಗಿ ತಲೆ ಆಡಿಸಿದರು.

‘ಭಾಳ ಚಲೋ ಐತಿ ಸಿದ್ದಾ. ಇಂಥಾದ್ದು ನಾ ಎಲ್ಲೂ ನೋಡಿಲ್ಲ.’

ಸಿದ್ದಾರೂಢನ ಮುಖ ಬಿಳಿಚಿತು. ‘ಯಾಕ್ರಿ, ಏನಾಗೈತ್ರಿ?’ ಎನ್ನುತ್ತ ರಿಮೋಟು ಒತ್ತಿದ. ಮೈದಾನ ನೀಲಿಯಾಯಿತು. ಇನ್ನೊಂದು ಒತ್ತಿದ, ಆಟಗಾರರು ಅರಿಶಿನ ಹಚ್ಚಿಕೊಂಡರು. ಬಳಿಕ ಪರದೆ ಪೂರ್ತಿ ಬೆಳ್ಳಗಾಯಿತು. ‘ಬಿಡೋ ಸಿದ್ದಾ, ಆಟ ಕಾಣವಲ್ದು,’ ಎಂದು ಗಂಡಸರೆಲ್ಲ ಗದ್ದಲವೆಬ್ಬಿಸಿದರು. ಅಷ್ಟರಲ್ಲಿ ಎದುರುಮನೆಯಲ್ಲಿ ಹೋ ಎಂದು ದೊಡ್ಡ ಕೂಗು ಎದ್ದಿತು.

‘ಏನಾತು? ಯಾರು ಔಟಾದ್ರು?’ ಎಂದು ಕೇಳಿದರು ರಾಚಪ್ಪನವರು. ಹೇಳಲು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.