ಗೆರೆ ಮುಟ್ಟಿದ ಚೆಂಡು

“ಕಣ್ಣಿಗೆ ಪೊರೆ ಬಂದಿದೆಯೇನ್ರೀ ನಿಮಗೆ? ನನ್ನ ಮಗಳು ಇಡೀ ಅಯೋವಾ ರಾಜ್ಯಕ್ಕೆ ನಾಲ್ಕನೆಯವಳು! ಅವಳನ್ನ ಬಿಟ್ಟು, ಅವಳ ಕೈಲಿ ಸೋತವಳಿಗೆ ಸೀಟು ಕೊಡ್ತೀರಾ?”

“ಕೊಡ್ತೀನಿ. ಸ್ವಲ್ಪ ಕಾಲು ತೆಗೀರಿ, ನೀರು ತಳ್ಳಬೇಕು.”

ಶನಿವಾರ ಬೆಳಿಗ್ಗೆ ಆರೂವರೆ. ನಮ್ಮೂರ ಸಣ್ಣ ಕಾಲೇಜಿನ ಟೆನಿಸ್ ಕೋರ್ಟಿನಲ್ಲಿ ಮಳೆನೀರು ನಿಂತಿದೆ. ರಬ್ಬರ್ ಪಟ್ಟಿಯ ಕೋಲಿನಿಂದ ಅದನ್ನು ತಳ್ಳುತ್ತಿರುವವರು ಲೋರ್ನಾ ಹಾಗನ್, ಐವತ್ತೇಳು ವರ್ಷ, ಹುಡುಗಿಯರ ತಂಡದ ಕೋಚ್. ಕೂಗಾಡುತ್ತಿರುವವನು ಡ್ವೇನ್ ಹ್ಯಾಸ್ಕೆಟ್. ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಾನೆ. ಮಗಳು ಬ್ರಿನ್ ಬೇಲಿಯಾಚೆ ಕಾರಿನಲ್ಲೇ ಕುಳಿತಿದ್ದಾಳೆ.

ಲೋರ್ನಾ ಈ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ. ಆರು ಕೋರ್ಟು ಗುಡಿಸುವುದು, ಹರಿದ ನೆಟ್ ಹೊಲಿಯುವುದು, ತಂಡದ ವ್ಯಾನ್ ಓಡಿಸುವುದು ಎಲ್ಲ ಅವರದೇ. ತಂಡಕ್ಕೆ ಸೇರಲು ವರ್ಷಕ್ಕೆ ಮುನ್ನೂರು ಹುಡುಗಿಯರು ತಮ್ಮ ಆಟದ ವಿಡಿಯೊ ಕಳಿಸುತ್ತಾರೆ. “ವಿಡಿಯೊದಲ್ಲಿ ಯಾರೂ ಸೋಲೋದೇ ಇಲ್ಲ ನೋಡಿ. ಅದಕ್ಕೇ ಪಂದ್ಯ ನೋಡೋಕೆ ನಾನೇ ಹೋಗ್ತೀನಿ” ಅನ್ನುತ್ತಾರೆ. ಕಾಲೇಜಿನ ಹೆಸರಿಲ್ಲದ ಟೋಪಿ ಹಾಕಿಕೊಂಡು, ಶೌಚಾಲಯದ ಪಕ್ಕದ ಬೆಂಚಿನಲ್ಲಿ ಕೂರುತ್ತಾರೆ. ಯಾರಿಗೂ ಗುರುತು ಸಿಗುವುದಿಲ್ಲ.

ಅಲ್ಲಿ ಅವರು ಸರ್ವಿಸ್ ವೇಗ ಅಳೆಯುವುದಿಲ್ಲ. ಸೋತ ಹುಡುಗಿ ನೀರಿನ ಬಾಟಲಿ ತಂದುಕೊಟ್ಟ ಅಮ್ಮನ ಜೊತೆ ಹೇಗೆ ಮಾತಾಡುತ್ತಾಳೆ ಅಂತ ನೋಡುತ್ತಾರೆ. ಮುಖ್ಯವಾಗಿ ಗೆರೆ ನೋಡುತ್ತಾರೆ. ಇಲ್ಲಿನ ಕಿರಿಯರ ಪಂದ್ಯಗಳಲ್ಲಿ ಕೋರ್ಟಿಗೊಬ್ಬ ಅಂಪೈರ್ ಇರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವಳೇ ಹೇಳಬೇಕು. ಗೆರೆ ಮುಟ್ಟಿದರೂ ಒಳಗೆಂದೇ ಲೆಕ್ಕ.

ಹೋದ ವಾರ ಲೋರ್ನಾ ನೋಡಿದ ಪಂದ್ಯದ ಕೊನೆ ಸೆಟ್ಟಿನಲ್ಲಿ, ಬ್ರಿನ್ ಎದುರು ಆಡುತ್ತಿದ್ದ ನಯೇಲಿ ಒಚೋವಾ ಹೊಡೆದ ಚೆಂಡು ಗೆರೆಯ ಮೇಲೇ ಬಿತ್ತು. ಬ್ರಿನ್ ಬೆರಳೆತ್ತಿ “ಔಟ್” ಅಂದಳು, ಗೆದ್ದಳು. ಅದೇ ಸೆಟ್ಟಿನಲ್ಲಿ ತನ್ನ ಕಡೆ ಅಂಥದ್ದೇ ಚೆಂಡು ಬಿದ್ದಾಗ ನಯೇಲಿ “ಒಳಗೆ” ಅಂದು ಪಾಯಿಂಟ್ ಬಿಟ್ಟುಕೊಟ್ಟಿದ್ದಳು. ಲೋರ್ನಾ ಬಳಿ ಪೂರ್ತಿ ಶುಲ್ಕ ಮಾಫಿಯ ಸೀಟು ಉಳಿದಿರುವುದು ಒಂದೇ. ಅದು ನಯೇಲಿಗೆ ಹೋಯಿತು.

ಇದು ಸುಲಭದ ತೀರ್ಮಾನವಲ್ಲ. ತಂಡ ಮೂರು ವರ್ಷದಿಂದ ಸೋಲುತ್ತಿದೆ. ಮುಂದಿನ ವರ್ಷವೂ ಸೋತರೆ ಟೆನಿಸ್ ಮುಚ್ಚುತ್ತೇವೆಂದು ಕಾಲೇಜು ಪತ್ರ ಕೊಟ್ಟಿದೆ. ಮುಚ್ಚಿದರೆ ಲೋರ್ನಾ ಕೆಲಸವೂ ಹೋಗುತ್ತದೆ. ಬ್ರಿನ್ ಇದ್ದಿದ್ದರೆ ಗೆಲ್ಲಬಹುದಿತ್ತು. ಹಾಗಂತ ಅವರೇ ಹೇಳುತ್ತಾರೆ.

“ಒಂದ್ಸಲ ಅಂಥವಳನ್ನ ತಗೊಂಡಿದ್ದೆ. ಆ ವರ್ಷ ಗೆದ್ವಿ. ಮರುವರ್ಷ ನನ್ನ ಹುಡುಗೀರೆಲ್ಲ ಸುಳ್ಳು ಔಟ್ ಕೊಡೋಕೆ ಕಲಿತ್ರು. ಅದನ್ನ ಬಿಡಿಸೋಕೆ ನಾಲ್ಕು ವರ್ಷ ಹಿಡೀತು. ಈಗ ನಮ್ಮವರು ಔಟ್ ಅಂದ್ರೆ ಎದುರಿನವರು ತಿರುಗಿ ಮಾತಾಡಲ್ಲ. ಸೋಲ್ತೀವಿ, ಆದ್ರೆ ನಮ್ಮ ಮಾತು ನಂಬ್ತಾರೆ.”

ಡ್ವೇನ್‌ಗೆ ಇದೆಲ್ಲ ಬೇಕಿಲ್ಲ. “ಅಂಪೈರ್ ಇಲ್ಲದ ಕಡೆ ಎಲ್ಲರೂ ಹಾಗೇ ಮಾಡೋದು!”

“ಗೊತ್ತು. ಅದಕ್ಕೇ ಅಂಪೈರ್ ಇಲ್ಲದ ಕಡೆ ಹೋಗಿ ನೋಡೋದು.”

“ನನ್ನ ಮಗಳು ಕಳ್ಳಿ ಅಂತೀಯಾ? ಚೆಂಡು ಹೊರಗೇ ಬಿದ್ದಿತ್ತು!”

“ನೀವು ಆಚೆ ತುದೀಲಿದ್ರಿ. ಗೆರೆ ಪಕ್ಕದಲ್ಲಿದ್ದವಳು ಅವಳು. ಕಾರಲ್ಲೇ ಇದ್ದಾಳಲ್ಲ, ಕೇಳಿ.”

“ಕೇಳ್ಕೊಂಡೇ ಬರ್ತೀನಿ. ಇಲ್ಲೇ ಇರು, ಎಲ್ಲೂ ಹೋಗ್ಬೇಡ!”

ಗೇಟು ಬಡಿದು ಹೋಗುತ್ತಾನೆ. ಕಾರಿನ ಕಿಟಕಿಗೆ ಬಗ್ಗಿ ಏನೋ ಕೇಳುತ್ತಾನೆ. ಬ್ರಿನ್ ಅವನತ್ತ ತಿರುಗದೆ, ಮಡಿಲು ನೋಡಿಕೊಂಡು ಎರಡು ಮಾತು ಹೇಳುತ್ತಾಳೆ. ಅವನು ಕಾರು ಸುತ್ತಿ ಹೋಗಿ ತನ್ನ ಕಡೆಯ ಬಾಗಿಲು ತೆಗೆಯುತ್ತಾನೆ.

ಲೋರ್ನಾ ಕೋಲಿಗೆ ಗದ್ದ ಊರಿ ಕಾಯುತ್ತಾರೆ. “ಬರಲ್ಲ ಅನ್ಸುತ್ತೆ” ಅನ್ನುತ್ತಾರೆ. “ಹುಡುಗಿ ಅಪ್ಪನಿಗಾದ್ರೂ ನಿಜ ಹೇಳಿದ್ಲು.”

ಕಾರು ಹಿಂದಕ್ಕೆ ಸರಿದು, ರಸ್ತೆಗಿಳಿದು, ಜೋಳದ ಹೊಲದ ತಿರುವು ದಾಟುತ್ತದೆ. ಮತ್ತೆ ಬರುವುದಿಲ್ಲ. ಐದನೇ ಕೋರ್ಟಿನಲ್ಲಿ ಇನ್ನೂ ನೀರು ನಿಂತಿದೆ.