ಒಲೆಯ ಕಡೆಗೆ ತಿರುಗಿಸಿದ ಕೊಳವೆ

ಗರಗಸ ಹಲಸಿನ ಹಲಗೆಗೆ ಬಾಯಿ ಹಾಕಿದಾಗ ಏಳುವ ಕಿರುಚಾಟ ಕೇಳಿದವರು ಮರಕ್ಕೆ ಜೀವವಿಲ್ಲ ಎಂದು ವಾದಿಸಲಾರರು. ನಾನು ವಾದಿಸಿಯೇನು, ಉಡುಪಿಯ ಕಾಲೇಜಿನ ಚರ್ಚಾಕೂಟಗಳಲ್ಲಿ ಅದಕ್ಕಿಂತ ಕೆಟ್ಟ ಪಕ್ಷ ಹಿಡಿದು ಗೆದ್ದದ್ದುಂಟು. ಆದರೆ ಕಾಪುವಿನ ನಮ್ಮ ಮನೆಯಲ್ಲಿ ಆ ಕಿರುಚಾಟ ಶುರುವಾದರೆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಪಾತ್ರೆಗಳು ನಡುಗುತ್ತಿದ್ದವು, ನಾಯಿ ಗದ್ದೆಗೆ ಓಡುತ್ತಿತ್ತು, ಅಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಗೋಡೆಗೆ ಒರಗುತ್ತಿದ್ದರು.

ಅಪ್ಪ ಇದ್ದದ್ದು ಮುಂಬಯಿಯ ಹೋಟೆಲೊಂದರಲ್ಲಿ. ನಮ್ಮ ಕಡೆಯ ಪದ್ಧತಿಯಂತೆ ನಾವು ಅಮ್ಮನ ಮನೆಯಲ್ಲೇ ಬೆಳೆದವರು. ಯಜಮಾನಿಕೆ ಅಮ್ಮನ ಅಣ್ಣನದು, ಎಂದರೆ ನನ್ನ ಮಾವನದು. ಮಾವ ಮುಂಬಯಿಯ ಫರ್ನಿಚರ್ ಕಾರ್ಖಾನೆಯಲ್ಲಿ ಬಹಳ ಕಾಲ ದುಡಿದು, ಎರಡು ಬೆರಳುಗಳನ್ನು ಅಲ್ಲೇ ಬಿಟ್ಟು, ಒಂದು ಚಕ್ರಗರಗಸವನ್ನೂ ಹಲಗೆ ಕೀಸುವ ಮಿಷನ್ನನ್ನೂ ತಂದಿದ್ದರು. ಊರಿಗೆ ಕರೆಂಟು ಬಂದದ್ದೇ ತಡ, ದನಗಳಿಲ್ಲದ ಹಟ್ಟಿಯಲ್ಲಿ ಅವೆರಡನ್ನೂ ಕೂರಿಸಿದರು. ಹಟ್ಟಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅದೂ ಹಂಚಿನ ಮಾಡಿನವರೆಗೆ ಮುಟ್ಟಿರಲಿಲ್ಲ.

ಗರಗಸ ಉದುರಿಸುವ ಮರದ ಹುಡಿ ಆ ಸಂದಿನಿಂದ ಬರುತ್ತಿತ್ತು. ಗಂಜಿಯ ಮೇಲೆ, ಹಾಸಿಗೆಯ ಮೇಲೆ, ಅಮ್ಮನ ಕೂದಲಿನ ಮೇಲೆ ಹಲಸಿನ ಹಳದಿ. ಒಂದು ವರ್ಷದೊಳಗೆ ಅಮ್ಮನಿಗೆ ಉಬ್ಬಸ ಹಿಡಿಯಿತು. ಕೆಮ್ಮು ಒಳಗಿನಿಂದ ಅವರನ್ನು ಹಿಡಿದು ಜಾಡಿಸುತ್ತಿತ್ತು. ಕೆಮ್ಮಿ ಮುಗಿಯುವಾಗ ತುಟಿ ನೀಲಿಯಾಗಿರುತ್ತಿತ್ತು. ಒಲೆ ಊದುವ ಕೊಳವೆಯನ್ನು ಅವರು ಕೈಗೆತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆ ಉಡುಪಿಯ ಬಸ್ಸಿಗೆ ಓಡುವ ಮೊದಲು ಒಲೆ ಊದಿಕೊಡುವುದು ನನ್ನ ಕೆಲಸವಾಯಿತು.

"ದೈವಕ್ಕೆ ಹೇಳಿಕೊಂಡ ಹರಕೆ ಬಾಕಿ ಉಂಟು. ಅದಕ್ಕೇ ಅವಳಿಗೆ ಹೀಗೆ," ಎಂದು ಮಾವ ಒಂದು ದಿನ ಊಟಕ್ಕೆ ಕೂತಾಗ ತೀರ್ಪು ಕೊಟ್ಟರು.

"ಮಾವ, ಗರಗಸ ನಿಲ್ಲಿಸಿದ ದಿನ ಅಮ್ಮ ಕೆಮ್ಮುವುದಿಲ್ಲ. ದೈವವೂ ಆ ದಿನ ರಜೆ ಹಾಕ್ತದಾ?"

ಮಾವನ ಸೊಂಟದಲ್ಲಿ ಯಾವಾಗಲೂ ಮಡಚುವ ಅಡಿಕೋಲು ಇರುತ್ತಿತ್ತು. ಅದು ನನ್ನ ಕಿವಿಯ ಮೇಲೆ ಬಿತ್ತು. ಎರಡನೆಯ ಏಟಿಗೆ ಕೋಲೇ ಮುರಿಯಿತು. ನಾನು ರಕ್ತ ಒರೆಸಿಕೊಂಡು, "ಇದು ಉತ್ತರ ಅಲ್ಲ," ಎಂದೆ.

"ಉತ್ತರ ಬೇಕಾ ನಿನಗೆ? ಕಾಲೇಜಿನಲ್ಲಿ ಒಂದು ಕಪ್ಪು ಕೊಟ್ಟರಂತ ಮನೆಯಲ್ಲೂ ಭಾಷಣವಾ? ಆ ಹುಡಿಯಲ್ಲೇ ಮಾರಾಯ ನೀನು ದಿನಾ ಬಿಸಿನೀರು ಮೀಯುವುದು!"

ಅದು ನಿಜ. ನಮ್ಮಲ್ಲಿ ಮರದ ಹುಡಿಯನ್ನು ಯಾರೂ ಎಸೆಯುವುದಿಲ್ಲ. ಬಚ್ಚಲ ಹಂಡೆಯ ಅಡಿಯ ಒಲೆಗೆ ಅದನ್ನು ಗಟ್ಟಿಯಾಗಿ ತುಂಬಿ ಕಿಡಿ ಇಟ್ಟರೆ ಹೊತ್ತುಗಟ್ಟಲೆ ಮೆಲ್ಲಗೆ ಉರಿಯುತ್ತದೆ. ನೆರೆಕರೆಯವರು ಗೋಣಿ ಹಿಡಿದು ಬಂದು ಕೇಳಿ ಒಯ್ಯುತ್ತಿದ್ದರು.

ಮಾವನನ್ನು ಸೋಲಿಸಿದ್ದು ನನ್ನ ವಾದವಲ್ಲ, ತೆಂಗಿನಕಾಯಿ ಸುಲಿಯುವ ಕತ್ತಿ. ಒಂದು ಮಧ್ಯಾಹ್ನ ಅಮ್ಮನಿಗೆ ಉಸಿರು ಸಿಕ್ಕದೆ ಕಣ್ಣು ಮೇಲೆ ಹೋಯಿತು. ನಾನು ಹಟ್ಟಿಯ ಬಾಗಿಲಲ್ಲಿ ನಿಂತು ಕೂಗಿದೆ, ಮಾವನಿಗೆ ಕೇಳಿಸಲಿಲ್ಲ. ಅಮ್ಮ ತೆವಳಿಕೊಂಡು ಎದ್ದು, ಕತ್ತಿ ಹಿಡಿದು ನನ್ನನ್ನು ದೂಡಿ ಒಳಗೆ ಹೋದರು. ಮೋಟಾರಿನಿಂದ ಗರಗಸಕ್ಕೆ ಹೋಗುವ ಬೆಲ್ಟಿನ ಮೇಲೆ, ಅದು ಓಡುತ್ತಿದ್ದ ಹಾಗೆಯೇ, ಕತ್ತಿ ಬೀಸಿದರು. ತುಂಡಾದ ಬೆಲ್ಟು ಹಾವಿನಂತೆ ಹಾರಿ ಮಾವನ ಕೆನ್ನೆಗೆ ಬಡಿಯಿತು. ಕತ್ತಿ ಕೈ ತಪ್ಪಿ ಕಂಬಕ್ಕೆ ಹೊಕ್ಕಿತು. ಆಮೇಲಿನ ಮೌನದಲ್ಲಿ ಕೇಳಿಸುತ್ತಿದ್ದದ್ದು ಅಮ್ಮನ ಎದೆಯ ಸಿಳ್ಳೆ ಮಾತ್ರ.

ಮಾವ ಕೆನ್ನೆ ಹಿಡಿದುಕೊಂಡು ತಂಗಿಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಂತ ಮಾಡಬೇಕು ಹೇಳು ಮಾರಾಯ, ನೀನು ಕಲಿತವನಲ್ವಾ," ಎಂದರು.

ಹುಡಿಯನ್ನು ಹೀರಿ ಹೊರಹಾಕುವ ಫ್ಯಾನು ಬೇಕೆಂದೆ. ಕಾರ್ಕಳದ ಒಂದು ಅಕ್ಕಿ ಮಿಲ್ಲಿನಲ್ಲಿ ಉಮಿ ಹಾರಿಸುವ ಹಳೆಯ ಫ್ಯಾನು ಮೂಲೆಗೆ ಬಿದ್ದಿತ್ತು. ಅದನ್ನು ಲಾರಿಯ ಮೇಲೆ ಹೇರಿ ತಂದೆವು. ಉದ್ಯಾವರದಿಂದ ತಗಡಿನ ಕೆಲಸದವರು ಬಂದು ಗರಗಸದ ಅಡಿಗೊಂದು, ಕೀಸುವ ಮಿಷನ್ನಿನ ಬಾಯಿಗೊಂದು ತಗಡಿನ ಮುಚ್ಚಿಗೆ ಮಾಡಿದರು. ಎರಡರಿಂದಲೂ ಕೊಳವೆ ಬಂದು ಫ್ಯಾನಿಗೆ ಸೇರಬೇಕು. ಫ್ಯಾನು ಹುಡಿಯನ್ನು ಹೀರಿ ಆಚೆ ತಳ್ಳಬೇಕು. ಕೊಳವೆಯನ್ನು ಮೂಲೆಯಲ್ಲಿ ಮೊಣಕೈಯಂತೆ ಮಡಚಿದ್ದರಿಂದ ಮೊದಲ ದಿನವೇ ಹುಡಿ ಅಲ್ಲಿ ಕಟ್ಟಿಕೊಂಡಿತು. ಮಾವ ಕೋಪದಲ್ಲಿ ಅದನ್ನು ಒದ್ದು ನೆಗ್ಗಿಸಿದರು. ಎರಡನೆಯ ಸಲ ಅಗಲವಾಗಿ ಬಾಗಿಸಿ, ಸಂದುಗಳಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದೆವು. ಎಳೆಯಿತು ನೋಡಿ! ಕೈ ಒಡ್ಡಿದರೆ ಅಂಗಿಯ ತೋಳನ್ನೇ ಕಚ್ಚಿ ಎಳೆಯುವ ಹಾಗೆ ಎಳೆಯಿತು.

ಕೊಳವೆಯ ಕೊನೆ ಎಲ್ಲಿಗೆ ಎಂಬಲ್ಲಿ ಜಗಳ ಬಂತು.

"ಬಚ್ಚಲಿಗೆ," ಎಂದರು ಮಾವ. "ಒಲೆಯ ಪಕ್ಕ ಗೋಣಿ ಕಟ್ಟುವ. ಹೊತ್ತು ತರುವ ಕೆಲಸವೇ ಇಲ್ಲ."

"ಬೆಂಕಿಯ ಪಕ್ಕ ಹುಡಿಯನ್ನು ಗಾಳಿಗೆ ಹಾರಿಸುವುದಾ? ಬೇಡ ಮಾವ."

"ಪುರಾವೆ ಉಂಟಾ?"

ಆ ಮಾತನ್ನು ಅವರು ಕಲಿತದ್ದು ನನ್ನಿಂದಲೇ. ಒಂದು ಬೊಗಸೆ ಹುಡಿ ತಂದು ಕೆಂಡದ ಮೇಲೆ ಸುರಿದರು. ಕೆಂಡ ಕಪ್ಪಾಯಿತು, ಹೊಗೆ ಎದ್ದಿತು, ಅಷ್ಟೇ. "ಕಂಡಿತಾ? ಬೆಂಕಿಯೇ ನಂದಿತು. ಈಗ ನೀನು ಬಾಯಿ ಮುಚ್ಚು." ರಾಶಿ ಬಿದ್ದ ಹುಡಿ ಬೇರೆ, ಗಾಳಿಯಲ್ಲಿ ನಿಂತ ಹುಡಿ ಬೇರೆ ಎಂದೆ. ಮಾವ ಕಿಸಕ್ಕನೆ ನಕ್ಕರು. ಅಮ್ಮನನ್ನು ಕೇಳಿದರೆ, "ಎಲ್ಲಿಗಾದರೂ ಹೋಗಲಿ, ನನ್ನ ಎದೆಗೆ ಬಾರದಿದ್ದರೆ ಸಾಕು," ಎಂದರು. ನಾನು ಸೋತೆ.

ಅಮ್ಮ ಮಾತ್ರ ಗೆದ್ದರು. ಅನ್ನ ಬೆಳ್ಳಗಾಯಿತು. ಕೆಮ್ಮು ಮೊದಲು ರಾತ್ರಿ ಬಿಟ್ಟಿತು, ಆಮೇಲೆ ಹಗಲೂ ಕಡಿಮೆಯಾಯಿತು. ಗರಗಸ ಕಿರುಚುವಾಗಲೂ ಅವರು ಗೋಡೆಯ ಈಚೆ ಕೂತು ಮೀನು ಕೊಯ್ಯುತ್ತಿದ್ದರು.

ಸೆಖೆಗಾಲದ ಒಂದು ಆದಿತ್ಯವಾರ. ಮಾವ ಒಣಗಿ ಎಲುಬಾಗಿದ್ದ ಹಲಗೆ ಕೀಸುತ್ತಿದ್ದರು. ಬಚ್ಚಲಲ್ಲಿ ಎಣ್ಣೆಸ್ನಾನದ ನೀರಿಗೆ ಒಲೆ ಉರಿಯುತ್ತಿತ್ತು. ಗೋಣಿ ತುಂಬಿ, ಕೊಳವೆ ಹಿಂದಕ್ಕೆ ಉಗುಳಲು ಶುರುಮಾಡಿತು. ಫ್ಯಾನು ನಿಲ್ಲಿಸುವ ತಾಳ್ಮೆ ಮಾವನಿಗೆಲ್ಲಿ? ಒಂದು ದೊಣ್ಣೆ ಹಿಡಿದು ಬಚ್ಚಲಿಗೆ ನುಗ್ಗಿ, ಹುಡಿ ಕೆಳಗಿಳಿಯಲಿ ಎಂದು ಗೋಣಿಗೆ ಹೊಡೆಯತೊಡಗಿದರು. ನಾನು ಅಂಗಳದಲ್ಲಿದ್ದೆ. ಗೋಣಿಯ ಕಣ್ಣುಗಳಿಂದ ಹಳದಿ ಮೋಡವೊಂದು ಹೊರಟು ಬಾಗಿಲನ್ನು ತುಂಬಿತು.

"ಮಾವಾ!" ಎಂದೆ. ಅಷ್ಟರಲ್ಲಿ ಆ ಮೋಡಕ್ಕೇ ಬೆಂಕಿ ಹತ್ತಿತು.

ಸದ್ದು ಎದೆಗೆ ಗುದ್ದಿದಂತಿತ್ತು. ಬಚ್ಚಲ ಮಾಡಿನ ಹಂಚುಗಳು ಹಕ್ಕಿಗಳ ಹಾಗೆ ಎದ್ದು ಅಂಗಳದಲ್ಲಿ ಪುಡಿಪುಡಿಯಾದವು. ಬಾಗಿಲು ಕಿತ್ತುಬಂತು. ಅದರ ಹಿಂದೆಯೇ ಮಾವ ಬಂದರು. ಹುಬ್ಬು ಇರಲಿಲ್ಲ, ಕೂದಲು ಹೊಗೆಯಾಡುತ್ತಿತ್ತು, ಮುಂಗೈಯ ಚರ್ಮ ಬಾಳೆಸಿಪ್ಪೆಯ ಹಾಗೆ ಸುಲಿದು ನೇತಾಡುತ್ತಿತ್ತು. ಬಾವಿಯ ನೀರನ್ನು ಕೊಡಗಟ್ಟಲೆ ಸುರಿದೆ. ಅವರು ನನ್ನನ್ನು ದೂಡಿ, ಸುಟ್ಟ ಕೈಯಲ್ಲೇ ಕೊಡಲಿ ಎತ್ತಿಕೊಂಡು ಫ್ಯಾನಿನ ಕಡೆಗೆ ನಡೆದರು.

ಅಮ್ಮ ಅಡ್ಡ ನಿಂತರು.

"ಸರಿ ಆಚೆ! ಕೊಲ್ತಿತ್ತು ಇದು ನನ್ನನ್ನು!"

"ನಿಮ್ಮನ್ನು ಒಂದು ದಿನ, ಅಣ್ಣ. ಇದಿಲ್ಲದಿದ್ದರೆ ಹುಡಿ ನನ್ನನ್ನು ದಿನಾ."

ಕೊಡಲಿ ಮೇಲೆಯೇ ಇತ್ತು. ಅಮ್ಮ ಕದಲಲಿಲ್ಲ. "ಫ್ಯಾನಿಗೆ ಒಂದು ಏಟು ಬಿದ್ದರೆ ಗರಗಸಕ್ಕೆ ಹತ್ತು. ಈಗ ನನಗೆ ಉಸಿರು ಉಂಟು, ಗೊತ್ತಾಯ್ತಾ?"

ಮಾವ ಕೊಡಲಿಯನ್ನು ಬೀಸಿ ಎಸೆದರು. ಅದು ತೆಂಗಿನ ಬುಡಕ್ಕೆ ನಾಟಿಕೊಂಡಿತು. ಆಮೇಲೆ ಅಂಗಳದಲ್ಲೇ ಕುಸಿದು ಕೂತರು. ಬಾಡಿಗೆ ಕಾರಿನಲ್ಲಿ ಉಡುಪಿಯ ಡಾಕ್ಟರ ಹತ್ತಿರ ಹೋಗುವಾಗ ದಾರಿಯುದ್ದಕ್ಕೂ ನನ್ನನ್ನು ಬೈದರು. ಕಾರು ನಿಂತಾಗ, "ಪುರಾವೆ ಸಿಕ್ಕಿತಲ್ಲ, ಈಗ ಸಂತೋಷವಾ?" ಎಂದರು. ನಾನು ಇಳಿದು ಅವರ ಕಡೆಯ ಬಾಗಿಲು ತೆರೆದೆ.

ಮಾವ ಕೈಗೆ ಬಟ್ಟೆ ಸುತ್ತಿಕೊಂಡು ಕೂತು ಹೇಳುತ್ತಾ ಹೋದಂತೆ ನಾವು ಕೊಳವೆಯನ್ನು ಹೊರಗಿನ ಹೊಂಡದ ಕಡೆಗೆ ತಿರುಗಿಸಿದೆವು. ಹೊಂಡ ಪಡುವಣಕ್ಕಿರಲಿ ಎಂದರು ಅವರು. ಕಡಲಗಾಳಿ ಹುಡಿಯನ್ನು ಪುನಃ ಅಡುಗೆಮನೆಗೇ ತರುತ್ತದೆ ಎಂದೆ ನಾನು. ಅವರು ಎಡಗೈಯಲ್ಲಿ ಚಪ್ಪಲಿ ಎಸೆದರು, ನಾನು ತಪ್ಪಿಸಿಕೊಂಡೆ. ಹೊಂಡವನ್ನು ಮೂಡುದಿಕ್ಕಿನಲ್ಲೇ ತೋಡಿದೆವು. ಅಲ್ಲಿಂದ ಬಚ್ಚಲಿಗೆ ಹುಡಿಯನ್ನು ಬುಟ್ಟಿಯಲ್ಲಿ ಹೊರುವುದು ಈಗಲೂ ನಾನೇ.

ಬಚ್ಚಲಿಗೆ ಹೊಸ ಹಂಚು ಹೊದಿಸಿದ ಮರುದಿನ ಬೆಳಿಗ್ಗೆ ಎಂದಿನಂತೆ ಅಡುಗೆ ಒಲೆಯ ಮುಂದೆ ಕೂತು ಕೊಳವೆ ಬಾಯಿಗಿಟ್ಟಿದ್ದೆ. ಅಮ್ಮ ಅದನ್ನು ಕಿತ್ತುಕೊಂಡರು.

"ಕೊಡು ಇಲ್ಲಿ. ನಿನಗೆ ಬಸ್ಸಿಲ್ವಾ?"

ಬಗ್ಗಿ ಊದಿದರು. ಬೂದಿ ಹಾರಿ ನನ್ನ ಕಣ್ಣಿಗೆ ಬಿತ್ತು, ಕಟ್ಟಿಗೆ ಧಗ್ಗೆಂದು ಹೊತ್ತಿಕೊಂಡಿತು.